ನಿಧಾನದ ಕ್ಯಾಮರಾ: ಉಳಿಸಿದ್ದೇನು, ಅಳಿಸಿದ್ದೇನು?



ಹೊಳೆಯ ದಂಡೆಯಲ್ಲಿ ಹೊತ್ತು ಮುಳುಗುವ ಚಿತ್ರಗಳನ್ನು ನೀವು ಕ್ಯಾಲೆಂಡರಿನಲ್ಲೋ ಪುಸ್ತಕದ ರಕ್ಷಾಪುಟದಲ್ಲೋ ನೋಡಿರುತ್ತೀರಿ. ಅಂಥ ಕೆಲವು ಚಿತ್ರಗಳಲ್ಲಿ ನೀರು ಹರಿಯುವಂತೆಯೇ ಕಾಣುವುದಿಲ್ಲ. ಹಾಲು ಹರಡಿದಂತೆ, ಮಂಜು ನೆಲದ ಮೇಲೆ ಮಲಗಿದಂತೆ ಕಾಣುತ್ತದೆ. ಮೋಡಗಳು ಎಳೆ ಎಳೆಯಾಗಿ ಚಾಚಿಕೊಂಡಿರುತ್ತವೆ. ದಂಡೆಯ ಮೇಲೆ ಮಾತ್ರ ಒಬ್ಬ ಮನುಷ್ಯನೂ ಇರುವುದಿಲ್ಲ. ಕ್ಯಾಮರಾದ ಶಟರನ್ನು ಕ್ಷಣಾರ್ಧದಲ್ಲಿ ಮುಚ್ಚದೆ ಅರ್ಧ ನಿಮಿಷವೋ ಒಂದು ನಿಮಿಷವೋ ತೆರೆದಿಟ್ಟರೆ ಇಂಥ ಚಿತ್ರ ಬರುತ್ತದೆ. ಇದಕ್ಕೆ ದೀರ್ಘ ಎಕ್ಸ್‌ಪೋಷರ್ ಎಂದು ಹೆಸರು.

ಈ ವಿಧಾನವನ್ನು ಇಂದು ಅನೇಕರು ಕೌತುಕದಿಂದ ಕಲಿಯುತ್ತಾರೆ. ಆದರೆ ಇದು ಹೊಸದಲ್ಲ. ಛಾಯಾಗ್ರಹಣ ಹುಟ್ಟಿದಾಗ ಎಲ್ಲ ಚಿತ್ರಗಳೂ ದೀರ್ಘ ಎಕ್ಸ್‌ಪೋಷರಿನ ಚಿತ್ರಗಳೇ ಆಗಿದ್ದವು. ನಮ್ಮ ಹಂಪಿ, ಹಳೇಬೀಡು, ಬಾದಾಮಿ, ವಿಜಯಪುರಗಳ ಮೊದಲ ಛಾಯಾಚಿತ್ರಗಳು ಬಂದದ್ದೂ ಹೀಗೆಯೇ. ಆದ್ದರಿಂದ ಸೂರ್ಯಾಸ್ತದ ಚಿತ್ರ ತೆಗೆಯುವ ಕುಶಲತೆಯನ್ನು ಬಲ್ಲವನಿಗೆ ನೂರೈವತ್ತು ವರ್ಷಗಳ ಹಿಂದಿನ ಚಿತ್ರವನ್ನು ಓದುವ ಒಂದು ಕೀಲಿಯೂ ಸಿಗುತ್ತದೆ. ಹೇಗೆಂಬುದನ್ನು ನೋಡೋಣ.

ಒಂದು ದಂಡೆಯ ಉದಾಹರಣೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣಾ ನದಿಯ ದಂಡೆಯಲ್ಲಿರುವ ಊರು. ಹೊಳೆಯ ಆಚೆಗೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿ ಶಿಲಾಹಾರರ ಕಾಲದ, 12ನೆಯ ಶತಮಾನದ ಕೋಪೇಶ್ವರ ದೇವಾಲಯವಿದೆ. ಅದರ ಸ್ವರ್ಗಮಂಟಪದ ಛಾವಣಿ ನಡುವೆ ದುಂಡಗೆ ತೆರೆದಿದ್ದು, ಆಕಾಶವೇ ಮಂಟಪದ ಮುಚ್ಚಿಗೆಯಾಗಿದೆ. ಆ ದೇವಾಲಯದ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಗಡಿಯ ಗೆರೆ ಹೊಳೆಯ ಮೇಲೆ ಬಿದ್ದದ್ದು ಇತ್ತೀಚಿನ ಮಾತು. ಎರಡೂ ದಂಡೆಯ ಜನರನ್ನು ಕೂಡಿಸುತ್ತ ಬಂದದ್ದು ದೋಣಿ.

ಈಗ ಒಂದು ಇಳಿಹೊತ್ತು ಇಲ್ಲಿ ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ 30 ಸೆಕೆಂಡು ಶಟರ್ ತೆರೆದಿಟ್ಟಿರಿ ಎಂದು ಭಾವಿಸಿ. ಆಚೆ ದಂಡೆಯ ಮರಗಳು, ಕಟ್ಟಡಗಳು ಅಚ್ಚುಕಟ್ಟಾಗಿ ಮೂಡುತ್ತವೆ. ಅಲೆಗಳು ಒಂದರ ಮೇಲೊಂದು ಬಿದ್ದು ನೀರು ನುಣ್ಣಗಾಗುತ್ತದೆ. ದಾಟುತ್ತಿರುವ ದೋಣಿಯೊಂದಿದ್ದರೆ ಅದು ತೆಳ್ಳನೆಯ ಒಂದು ಗೆರೆಯಾಗಿ ಕರಗುತ್ತದೆ, ಇಲ್ಲವೆ ಕಾಣದೆಯೇ ಹೋಗುತ್ತದೆ. ದಂಡೆಯಲ್ಲಿ ಎಮ್ಮೆಗೆ ನೀರು ಕುಡಿಸಿಕೊಂಡು ಹೋದವನ ಗುರುತೂ ಉಳಿಯುವುದಿಲ್ಲ. ಕ್ಯಾಮರಾ ಸುಳ್ಳು ಹೇಳಲಿಲ್ಲ. ತನ್ನ ಎದುರಿಗೆ ಹೆಚ್ಚು ಹೊತ್ತು ನಿಂತದ್ದನ್ನು ಅದು ಗಾಢವಾಗಿ ಬರೆದುಕೊಂಡಿತು, ನಿಲ್ಲದೆ ಸಾಗಿದ್ದನ್ನು ತೆಳುವಾಗಿ ಬರೆದುಕೊಂಡಿತು. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಇತಿಹಾಸದ ಕಡೆಗೆ ತಿರುಗೋಣ.

ಅವಸರವಿಲ್ಲದ ಆರಂಭ

ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಲೋಹದ ತಗಡಿನ ಮೇಲೆ ಮೂಡಿಸಿದ. ಉಳಿದು ಬಂದಿರುವ ಕ್ಯಾಮರಾ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅದಕ್ಕೆ ಹಲವು ಗಂಟೆಗಳ ಬೆಳಕು ಬೇಕಾಯಿತು. ಸೂರ್ಯ ಅಷ್ಟರಲ್ಲಿ ಆಕಾಶದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿದ್ದರಿಂದ ಚಿತ್ರದಲ್ಲಿ ಎದುರುಬದುರು ಗೋಡೆಗಳೆರಡರ ಮೇಲೂ ಬಿಸಿಲಿದೆ!

1838ರಲ್ಲಿ ಲೂಯಿ ದಾಗೇರ್ ಪ್ಯಾರಿಸಿನ ಒಂದು ಬೀದಿಯ ಚಿತ್ರ ತೆಗೆದ. ಗಾಡಿ ಕುದುರೆಗಳಿಂದ ತುಂಬಿದ್ದ ಬೀದಿ ಚಿತ್ರದಲ್ಲಿ ನಿರ್ಜನವಾಗಿದೆ. ಮೂಲೆಯಲ್ಲಿ ಒಬ್ಬನೇ ಒಬ್ಬ ಸ್ಪಷ್ಟವಾಗಿ ಕಾಣುತ್ತಾನೆ. ಅವನು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ; ಅದಕ್ಕೇ ಉಳಿದುಕೊಂಡ. ನಡೆದು ಹೋದ ನೂರಾರು ಜನ ಅಳಿಸಿಹೋದರು.

ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಕ್ಯಾಲೊಟೈಪ್ ಎಂಬ ಕಾಗದದ ನೆಗೆಟಿವ್ ವಿಧಾನಕ್ಕೆ ಪೇಟೆಂಟ್ ಪಡೆದ. 1851ರಲ್ಲಿ ಆರ್ಚರ್ ಪ್ರಕಟಿಸಿದ ಗಾಜಿನ ಹಸಿ ಫಲಕದ ವಿಧಾನ ಇದಕ್ಕಿಂತ ಚುರುಕಾದದ್ದು. ಆದರೆ ಆ ಫಲಕವನ್ನು ಒಣಗುವ ಮೊದಲೇ ಬಳಸಿ, ಅಲ್ಲೇ ತೊಳೆಯಬೇಕು. ನಮ್ಮ ಬಿಸಿಲಿನಲ್ಲಿ, ಬಂಡಿಯ ಪ್ರಯಾಣದಲ್ಲಿ ಅದು ಕಷ್ಟದ ಕೆಲಸ. ಮೇಣ ಹಚ್ಚಿದ ಕಾಗದವನ್ನಾದರೋ ಮೊದಲೇ ಸಿದ್ಧಪಡಿಸಿ ಜೊತೆಗೆ ಒಯ್ಯಬಹುದಿತ್ತು. ಆದ್ದರಿಂದ 1850ರ ದಶಕದಲ್ಲಿ ಇಲ್ಲಿ ಸಂಚರಿಸಿದ ಹಲವರು ಕಾಗದವನ್ನೇ ನೆಚ್ಚಿಕೊಂಡರು. ಅದಕ್ಕೆ ತೆತ್ತ ಬೆಲೆಯೆಂದರೆ ಒಳ್ಳೆಯ ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಕಾಯಬೇಕಾಗಿತ್ತು.

ಕನ್ನಡ ನಾಡಿಗೆ ಬಂದ ಕ್ಯಾಮರಾ

1854ರ ಕೊನೆಯಲ್ಲಿ ಲಿನೀಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದ. 1855ರಲ್ಲಿ ಅವು ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಪ್ರದರ್ಶಿತವಾದವು. ಅದೇ ವರ್ಷ ಮುಂಬಯಿ ಸರ್ಕಾರ ತನ್ನ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬಾತನನ್ನು ವಿಜಯಪುರ, ಬಾದಾಮಿ, ಐಹೊಳೆ ಮೊದಲಾದ ಕಡೆಗಳಿಗೆ ಛಾಯಾಗ್ರಾಹಕನನ್ನಾಗಿ ಕಳುಹಿಸಿತು. ಚಿತ್ರಕಾರರಿಂದ ಬರೆಸುವುದಕ್ಕಿಂತ ಛಾಯಾಚಿತ್ರ ಅಗ್ಗ ಮತ್ತು ನಿಖರ ಎಂಬುದು ಕಂಪನಿಯ ಲೆಕ್ಕಾಚಾರ. ಬಿಗ್ಸ್ ಸೈನ್ಯಕ್ಕೆ ಮರಳಿದ ಮೇಲೆ ವೈದ್ಯ ಪಿಗೂ ಆ ಕೆಲಸವನ್ನು ಮುಂದುವರಿಸಿದ. ಇವರಿಬ್ಬರ ಮತ್ತು ವೈದ್ಯ ನೀಲ್ ಎಂಬಾತನ ಚಿತ್ರಗಳು ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅದರ ಬರೆವಣಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರದು.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ದೊಡ್ಡ ಗಾತ್ರದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ತೆಗೆದ. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವೂ ಇದೆ. 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ನೀವು ನೋಡುವುದು ಇದೇ ರಥವನ್ನು. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಒಂದು ಶಿಖರವಿದೆ! ಆ ಶಿಖರವನ್ನು ಮುಂದೆ ತೆಗೆದುಹಾಕಲಾಯಿತು. ಆ ಚಿತ್ರವಿಲ್ಲದಿದ್ದರೆ ರಥ ಹೇಗಿತ್ತೆಂದು ಇಷ್ಟು ಖಚಿತವಾಗಿ ಹೇಳುವುದು ಕಷ್ಟವಾಗುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ 127 ವರ್ಷಗಳಲ್ಲಿ ಉಳಿದದ್ದೇನು, ಬಿದ್ದದ್ದೇನು ಎಂಬುದು ತಾನಾಗಿ ತಿಳಿಯುತ್ತದೆ.

ಶಾಸನಗಳ ವಿಷಯದಲ್ಲಿಯೂ ಇದೇ ಮಾತು. ಮೈಸೂರು ಸೀಮೆಯಲ್ಲಿ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳು ಬಿ.ಎಲ್. ರೈಸ್ ಅವರ 1879ರ ಶಾಸನಸಂಪುಟಕ್ಕೆ ಆಧಾರವಾದವು. ಜೆ.ಎಫ್. ಫ್ಲೀಟ್ 1878ರಲ್ಲಿ ಹಳಗನ್ನಡ ಮತ್ತು ಸಂಸ್ಕೃತ ಶಾಸನಗಳ ಛಾಯಾಚಿತ್ರಗಳ ಸಂಗ್ರಹವೊಂದನ್ನು ಹೊರತಂದರು. ಕಲ್ಲು ಅಲುಗುವುದಿಲ್ಲ. ನಿಧಾನದ ಕ್ಯಾಮರಾಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಮತ್ತೊಂದಿರಲಿಲ್ಲ. ಇದು ಅದು ನಮಗೆ ಉಳಿಸಿಕೊಟ್ಟ ಸಂಪತ್ತು.

ಅಳಿಸಿಹೋದವರು ಯಾರು?

ಈಗ ಇನ್ನೊಂದು ಮಗ್ಗುಲನ್ನು ಗಮನಿಸಿ. ಆ ಹಳೆಯ ಚಿತ್ರಗಳನ್ನು ನೋಡಿದವರಿಗೆ ಥಟ್ಟನೆ ಹೊಳೆಯುವುದು ಅಲ್ಲಿಯ ನಿರ್ಜನತೆ. ಪಾಳುಬಿದ್ದ ನಗರ, ಮೌನವಾದ ದೇವಾಲಯ, ಬಿಳಿಯ ಆಕಾಶ. ಜನ ಕಾಣುವುದು ಅಪರೂಪ. ಆದರೆ 1856ರ ಹಂಪಿ ಜನರಿಲ್ಲದ ಜಾಗವಾಗಿತ್ತೆ? ಇಲ್ಲ. ವಿರೂಪಾಕ್ಷನ ಪೂಜೆ ನಡೆಯುತ್ತಿತ್ತು, ಯಾತ್ರಿಕರು ಬರುತ್ತಿದ್ದರು, ಸುತ್ತಲ ಹಳ್ಳಿಗಳಲ್ಲಿ ಬೇಸಾಯ ಸಾಗಿತ್ತು. ನಡೆದಾಡಿದವರನ್ನು ಕಾಗದದ ನೆಗೆಟಿವ್ ಹಿಡಿದುಕೊಳ್ಳಲಾರದೆ ಹೋಯಿತು. ಅದಷ್ಟೇ ಕಾರಣವಲ್ಲ, ಚಿತ್ರ ತೆಗೆಸಿದವರಿಗೂ ಬೇಕಾಗಿದ್ದದ್ದು ಕಟ್ಟಡವೇ ಹೊರತು ಅದರ ನೆರಳಿನಲ್ಲಿ ಬದುಕಿದ್ದ ಜನವಲ್ಲ. ಯಂತ್ರದ ಮಿತಿಯೂ ಆಳುವವರ ಆಸಕ್ತಿಯೂ ಒಂದಾದಾಗ, ಈ ನಾಡಿನ ವೈಭವವೆಲ್ಲ ಹಿಂದಿನದು, ಈಗ ಇಲ್ಲಿ ಏನೂ ಇಲ್ಲ ಎಂಬ ಭಾವನೆ ನೋಡುವವರಲ್ಲಿ ಬೇರೂರುವುದು ಸುಲಭವಾಯಿತು.

ಶಾಸನದ ಛಾಯಾಚಿತ್ರಗಳನ್ನು ಕೂಡಿಸಿದ ಇದೇ ಫ್ಲೀಟ್ ಉತ್ತರ ಕರ್ನಾಟಕದ ಲಾವಣಿಗಳನ್ನೂ ಸಂಗ್ರಹಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ ಅವುಗಳಲ್ಲಿ ಒಂದು. ಯೋಚಿಸಿ ನೋಡಿ. ಕಲ್ಲಿನ ಮೇಲಿನ ಅಕ್ಷರ ಕ್ಯಾಮರಾಕ್ಕೆ ಸಿಕ್ಕಿತು. ಜನರ ಸಿಟ್ಟು, ಅಭಿಮಾನ, ದುಃಖ ಸಿಕ್ಕಿದ್ದು ಹಾಡುವವರ ಬಾಯಿಂದ. ಒಂದೇ ಸಾಧನದಿಂದ ಇಡೀ ಇತಿಹಾಸ ದೊರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬಿಳಿಯ ಆಕಾಶ ಮತ್ತು ಬಣ್ಣದ ಗಾಜು

ಆ ಚಿತ್ರಗಳಲ್ಲಿ ಆಕಾಶ ಬಿಳಿಯಾಗಿರುವುದೇಕೆ? ಬೆಳ್ಳಿಯ ಲವಣಗಳಿಂದ ಮಾಡಿದ ಅಂದಿನ ಲೇಪಕ್ಕೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ಚೆನ್ನಾಗಿ ನಾಟುತ್ತಿತ್ತು. ಕೆಂಪು, ಹಳದಿಗಳಿಗೆ ಅದು ಹೆಚ್ಚುಕಡಿಮೆ ಕುರುಡು. ನೆಲದ ಮೇಲಿನ ವಸ್ತು ಮೂಡುವಷ್ಟು ಹೊತ್ತು ಕಾದರೆ ನೀಲಿಯ ಆಕಾಶ ಮಿತಿಮೀರಿ ಬೆಳಗಿ, ಮೋಡವೂ ಅದರಲ್ಲಿ ಮುಳುಗಿಹೋಗುತ್ತಿತ್ತು. ಸೂರ್ಯಾಸ್ತದ ಕೆಂಪಂತೂ ಕಪ್ಪಾಗಿ ಬರುತ್ತಿತ್ತು.

ಇದಕ್ಕೆ ಅಂದಿನವರು ಉಪಾಯಗಳನ್ನು ಕಂಡುಕೊಂಡರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಸುಮಾರಿಗೆ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. ಹಳೇಬೀಡಿಗೆ ಬಂದಿದ್ದ ಟ್ರೈಪ್ ತನ್ನ ಕೆಲವು ನೆಗೆಟಿವ್‌ಗಳ ಮೇಲೆ ಕುಂಚದಿಂದಲೇ ಮೋಡಗಳನ್ನು ಬರೆದ. ಇಂದಿನ ಮೊಬೈಲ್ ಫೋನಿನಲ್ಲಿ ಒಂದು ಆಕಾಶವನ್ನು ತೆಗೆದು ಮತ್ತೊಂದನ್ನು ಅಂಟಿಸುವವರು ತಾವೇ ಮೊದಲಿಗರೆಂದು ತಿಳಿಯಬೇಕಾಗಿಲ್ಲ!

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಲೇಪದಲ್ಲಿ ತಕ್ಕ ವರ್ಣದ್ರವ್ಯ ಬೆರೆಸಿದರೆ ಅದಕ್ಕೆ ಹಸುರು, ಹಳದಿಗಳೂ ಕಾಣುತ್ತವೆ ಎಂದು ತೋರಿಸಿದ. 1906ರಲ್ಲಿ ಕೆಂಪನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದವು. ಫಿಲ್ಟರಿಗೆ ನಿಜವಾದ ಬೆಲೆ ಬಂದದ್ದು ಆಮೇಲೆ. ಫಿಲ್ಟರ್ ಎಂದರೆ ಮಸೂರದ ಮುಂದಿಡುವ, ಆರಿಸಿದ ಬೆಳಕನ್ನಷ್ಟೇ ಒಳಗೆ ಬಿಡುವ ಗಾಜು. ಕಪ್ಪುಬಿಳುಪು ಚಿತ್ರದಲ್ಲಿ ಹಳದಿ ಗಾಜು ನೀಲಿಯನ್ನು ಸ್ವಲ್ಪ ತಡೆದು ಮೋಡವನ್ನು ಎತ್ತಿ ತೋರಿಸುತ್ತದೆ. ಕೆಂಪು ಗಾಜು ನೀಲಿಯನ್ನು ಬಹುಮಟ್ಟಿಗೆ ತಡೆದು ಹಗಲಿನ ಆಕಾಶವನ್ನೇ ಕಪ್ಪಾಗಿಸುತ್ತದೆ.

ಫಿಲ್ಟರ್ ಅಂದಗೊಳಿಸುವ ಸಾಧನ ಮಾತ್ರವೆಂದು ತಿಳಿಯಬೇಡಿ. 1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್ ಸಮುದ್ರವನ್ನು ನಿಕೋಲ್ ಪ್ರಿಸಮ್ ಎಂಬ ಹರಳಿನ ಮೂಲಕ ನೋಡಿದರು. ನೀರಿನ ಮೇಲೆ ಪ್ರತಿಫಲಿಸಿದ ಆಕಾಶದ ಬೆಳಕನ್ನು ಅದು ತಡೆಯಿತು. ಆದರೂ ಸಮುದ್ರ ನೀಲಿಯಾಗಿಯೇ ಕಂಡಿತು. ಆ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂಬ ವಾದಕ್ಕೆ ಅದು ಬಲ ಕೊಟ್ಟಿತು. ಇಂದು ನೀರಿನ ಮೇಲಿನ ಹೊಳಪನ್ನು ತಗ್ಗಿಸಲು ಛಾಯಾಗ್ರಾಹಕರು ತಿರುಗಿಸುವ ಪೋಲರೈಸಿಂಗ್ ಫಿಲ್ಟರ್ ಮಾಡುವುದೂ ಇದೇ ಕೆಲಸವನ್ನು.

ಇಂದು ನಿಧಾನ ನಮ್ಮ ಆಯ್ಕೆ

ಅಂದಿನವರಿಗೆ ಅನಿವಾರ್ಯವಾಗಿದ್ದ ನಿಧಾನವನ್ನು ಇಂದು ನಾವು ಬೇಕೆಂದೇ ತರಿಸಿಕೊಳ್ಳುತ್ತೇವೆ. ದೂರದರ್ಶನದ ಪರದೆಯ ಮೇಲೆ ಒಂದು ಸೆಕೆಂಡಿಗೆ 25 ಚಿತ್ರಗಳು ಸರಿಯುತ್ತವೆ. ಕ್ಯಾಮರಾಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿಯೂ ಚಿತ್ರ ಹಿಡಿಯುತ್ತವೆ. ಅಂಥ ಕ್ಯಾಮರಾವನ್ನು ನಿಧಾನಗೊಳಿಸಲು ಬೂದುಬಣ್ಣದ ಗಾಜೊಂದನ್ನು ಮುಂದಿಡುತ್ತಾರೆ. ಇದು ಬಣ್ಣವನ್ನು ಕೆಡಿಸದೆ ಬೆಳಕನ್ನು ಮಾತ್ರ ಕಡಿಮೆ ಮಾಡುತ್ತದೆ. ಇದೇ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್.

ಇದರ ಲೆಕ್ಕ ಸುಲಭ. ಬೆಳಕು ಒಮ್ಮೆ ಅರ್ಧವಾದರೆ ಅದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಮೂರು ಸ್ಟಾಪಿನ ಫಿಲ್ಟರ್ ಎಂಟರಲ್ಲೊಂದು ಪಾಲು ಬೆಳಕನ್ನು ಬಿಡುತ್ತದೆ, ಆರು ಸ್ಟಾಪಿನದು 64ರಲ್ಲೊಂದು ಪಾಲು, ಹತ್ತು ಸ್ಟಾಪಿನದು 1024ರಲ್ಲೊಂದು ಪಾಲು. ಫಿಲ್ಟರ್ ಇಲ್ಲದೆ ಸೆಕೆಂಡಿನ 30ರಲ್ಲೊಂದು ಭಾಗ ಸಾಕಾಗುವ ನೋಟಕ್ಕೆ ಹತ್ತು ಸ್ಟಾಪಿನ ಗಾಜಿಟ್ಟರೆ ಸುಮಾರು 34 ಸೆಕೆಂಡು ಬೇಕಾಗುತ್ತದೆ. ಆಕಾಶ ಪ್ರಖರವಾಗಿ, ನೆಲ ಕಪ್ಪಾಗಿ ಇರುವ ಮುಚ್ಚಂಜೆಯಲ್ಲಿ ಮೇಲರ್ಧ ಮಾತ್ರ ಬೂದಿಯಾಗಿರುವ ಗಾಜು ನೆರವಾಗುತ್ತದೆ. ಲ ಗ್ರೇ ಎರಡು ನೆಗೆಟಿವ್‌ಗಳಿಂದ ಸಾಧಿಸಿದ್ದನ್ನು ಈ ಒಂದು ಗಾಜು ಸಾಧಿಸುತ್ತದೆ.

ಸೂರ್ಯನ ವೇಗವೂ ನೆನಪಿರಲಿ. ಆಕಾಶದಲ್ಲಿ ಅವನು ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅವನ ಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಎಂದರೆ ತನ್ನದೇ ಅಗಲದಷ್ಟು ದೂರವನ್ನು ಅವನು ಎರಡು ನಿಮಿಷದಲ್ಲಿ ಕ್ರಮಿಸುತ್ತಾನೆ. ಎರಡು ನಿಮಿಷ ಶಟರ್ ತೆರೆದಿಟ್ಟರೆ ದುಂಡನೆಯ ಸೂರ್ಯ ಉದ್ದನಾಗುತ್ತಾನೆ. ಆದ್ದರಿಂದ ದೀರ್ಘ ಎಕ್ಸ್‌ಪೋಷರಿಗೆ ಸೂರ್ಯ ಮರೆಯಾದ ನಂತರದ ಹತ್ತಿಪ್ಪತ್ತು ನಿಮಿಷಗಳೇ ಹದವಾದ ಹೊತ್ತು.

ಮೊಬೈಲ್ ಫೋನಿನಲ್ಲಿಯೂ ಇಂಥ ಚಿತ್ರ ಬರುತ್ತದೆ. ಅದು ಸಾಮಾನ್ಯವಾಗಿ ಅನೇಕ ಗಿಡ್ಡ ಚಿತ್ರಗಳನ್ನು ತೆಗೆದು ಲೆಕ್ಕ ಹಾಕಿ ಒಂದಾಗಿಸುತ್ತದೆ. ಫಲ ಒಂದೇ: ನಿಂತದ್ದು ಉಳಿಯುತ್ತದೆ, ಸಾಗಿದ್ದು ಮಾಸುತ್ತದೆ.

ನೀವು ಮಾಡಬಹುದಾದ ಕೆಲಸ

ನಿಮ್ಮೂರಿನ ಕೆರೆ, ಹೊಳೆ, ಗುಡ್ಡ ಯಾವುದಾದರೂ ಸರಿ, ಒಂದು ಜಾಗವನ್ನು ಆರಿಸಿಕೊಳ್ಳಿ. ಅಲ್ಲಿಂದ ಎರಡು ಚಿತ್ರ ತೆಗೆಯಿರಿ. ಒಂದು ದೀರ್ಘ ಎಕ್ಸ್‌ಪೋಷರಿನದು, ಇನ್ನೊಂದು ಕ್ಷಣಮಾತ್ರದ್ದು. ಮೊದಲನೆಯದರಲ್ಲಿ ಹೊಳೆಯ ಪಾತ್ರ, ದಂಡೆಯ ಆಕಾರ, ಆಕಾಶದ ಬಣ್ಣ ನಿಚ್ಚಳವಾಗಿರುತ್ತವೆ. ಎರಡನೆಯದರಲ್ಲಿ ಬಟ್ಟೆ ಒಗೆಯುವವರು, ಬಲೆ ಬೀಸುವವರು, ದೋಣಿ ನಡೆಸುವವರು ಇರುತ್ತಾರೆ. ಎರಡರ ಹಿಂದೆಯೂ ತಾರೀಖು, ಗಂಟೆ, ನಿಂತ ಜಾಗ, ಬಳಸಿದ ಫಿಲ್ಟರ್, ಶಟರ್ ತೆರೆದಿದ್ದ ಅವಧಿ ಬರೆದಿಡಿ. ಚಿತ್ರವನ್ನು ಆಮೇಲೆ ತಿದ್ದಿದ್ದರೆ ಅದನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಅದೇ ಜಾಗದಿಂದ ಮತ್ತೆ ತೆಗೆಯಿರಿ.

ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಕೃಷ್ಣೆಯ ದಂಡೆಯ ಊರುಗಳು 2005ರಲ್ಲಿ, 2019ರಲ್ಲಿ, 2021ರಲ್ಲಿ ಮಹಾಪೂರವನ್ನು ಕಂಡವು. ನೀರು ಇಳಿದ ಮೇಲೆ ದಂಡೆ ಎಲ್ಲಿತ್ತು, ಯಾವ ಮರ ಹೋಯಿತು, ಎಷ್ಟು ಹೊಲ ಕೊರೆದುಹೋಯಿತು ಎಂಬ ಪ್ರಶ್ನೆಗಳು ಏಳುತ್ತವೆ. ಅಂಥ ಹೊತ್ತಿನಲ್ಲಿ ಒಂದೇ ಜಾಗದಿಂದ ತೆಗೆದ, ತಾರೀಖುಳ್ಳ ಚಿತ್ರ ಸಾಕ್ಷಿಯಾಗುತ್ತದೆ. ಸೇತುವೆಗಳು ಬಂದಂತೆ ದೋಣಿಗಳು ಮರೆಯಾಗುತ್ತವೆ. ದೋಣಿ ನಡೆಸಿದವರ ಮುಖಗಳು ಯಾವ ಚಿತ್ರದಲ್ಲಿಯೂ ಇಲ್ಲವೆಂದಾದರೆ ಮುಂದಿನವರು ಈ ದಂಡೆಯನ್ನೂ ನಿರ್ಜನವೆಂದೇ ತಿಳಿದಾರು.

ಕೆಲವು ಎಚ್ಚರಿಕೆಗಳು. ಕ್ಯಾಮರಾದ ಕಿಂಡಿಯ ಮೂಲಕ ಪ್ರಖರ ಸೂರ್ಯನನ್ನು ನೋಡಬೇಡಿ; ಬೂದುಗಾಜು ಕಣ್ಣಿಗೆ ರಕ್ಷಣೆಯಲ್ಲ. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿವೆ. ಕತ್ತಲಾಗುವ ಹೊತ್ತಿನಲ್ಲಿ ನೀರಿನ ಅಂಚಿಗೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ. ಜನರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿ. ಕೇಳಿದಾಗ ಅವರು ನಿಂತು ಮಾತಾಡುತ್ತಾರೆ. ಆ ಮಾತನ್ನೂ ಬರೆದುಕೊಳ್ಳಿ.

ಇನ್ನು ಮುಂದೆ ಹಳೆಯ ಛಾಯಾಚಿತ್ರವೊಂದು ನಿಮ್ಮ ಪಠ್ಯಪುಸ್ತಕದಲ್ಲಿ ಕಂಡಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದನ್ನು ಯಾರು, ಯಾರಿಗಾಗಿ ತೆಗೆದರು? ಶಟರ್ ಎಷ್ಟು ಹೊತ್ತು ತೆರೆದಿತ್ತು? ಆ ಹೊತ್ತಿನಲ್ಲಿ ಇದರ ಮುಂದೆ ಹಾದುಹೋಗಿ ಕಾಣದೆ ಉಳಿದವರು ಯಾರಿರಬಹುದು? ಮೊದಲನೆಯದಕ್ಕೆ ಉತ್ತರ ಗ್ರಂಥಾಲಯದಲ್ಲಿ ಸಿಗುತ್ತದೆ. ಎರಡನೆಯದನ್ನು ನೀರು, ಮೋಡಗಳು ಮೂಡಿರುವ ರೀತಿಯಿಂದ ನೀವೇ ಅಂದಾಜು ಮಾಡಬಹುದು. ಮೂರನೆಯದಕ್ಕೆ ಊರಿನ ಹಿರಿಯರನ್ನು, ಹಾಡುಗಳನ್ನು, ಹಳೆಯ ಕಾಗದಪತ್ರಗಳನ್ನು ವಿಚಾರಿಸಬೇಕಾಗುತ್ತದೆ. ಅಲ್ಲಿಂದಲೇ ನಿಮ್ಮ ಇತಿಹಾಸದ ಅಧ್ಯಯನ ಆರಂಭವಾಗಲಿ.